ಚಾಸಿ ಯಾರ ಸ್ವತ್ತು?

ಪುಣೆಯಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಮಹಾರಾಷ್ಟ್ರದ ಉಮರ್ಗಾ ದಾಟಿ ಬೀದರ್ ಜಿಲ್ಲೆಯನ್ನು ಸೇರುತ್ತದೆ. ಸಸ್ತಾಪುರ ಬಂಗ್ಲಾದಲ್ಲಿ ಹೊರಳಿದರೆ ಬಸವಕಲ್ಯಾಣ, ಹೊರಳದೆ ಪೂರ್ವಕ್ಕೆ ನಡೆದರೆ ಹುಮನಾಬಾದ್. ಬೀದರಿನಿಂದ ಕಲಬುರಗಿಗೆ ಹೋಗುವ 50ನೇ ಹೆದ್ದಾರಿ ಇದನ್ನು ಅಡ್ಡ ಹಾಯುವುದು ಹುಮನಾಬಾದಿನಲ್ಲೇ. ಹೆದ್ದಾರಿಗಳು ಕೂಡುವಲ್ಲಿ ಲಾರಿಗಳು ನಿಲ್ಲುತ್ತವೆ. ಲಾರಿ ನಿಂತಲ್ಲಿ ಪಂಚರ್ ಅಂಗಡಿ, ವೆಲ್ಡಿಂಗು, ಲೇತು ಎಲ್ಲ ಬಂದು ಕೂರುತ್ತವೆ. ಅಂಥ ಅಂಗಡಿಯ ಮುಂದೆ ಲಾರಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಹಳೆಯ ಬುಲೆಟ್ಟೋ ಯೆಜ್ಡಿಯೋ ಬಂದು ನಿಲ್ಲುವುದುಂಟು. ಗಾಡಿಯವನಿಗೆ ಕಾಲು ಮಡಚಿ ಕೂತು ಸಾಕಾಗಿದೆ, ಇಂಗ್ಲಿಷ್ ಸಿನಿಮಾದವರ ಹಾಗೆ ಮುಂದಕ್ಕೆ ಚಾಚಿ ಕೂರಬೇಕು. ಮಿಸ್ತ್ರಿ ಎಂಜಿನ್ನಿನ ಮುಂದಿರುವ ಪೈಪಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾನೆ, ಡ್ರಿಲ್ಲಿನ ವೈರು ಬಿಚ್ಚುತ್ತಾನೆ, ಆಮೇಲೆ ಕೇಳುತ್ತಾನೆ: “ತೂತ್ ಹೊಡೀಲೇನ್ರಿ?”

ಕೇಳಿದ್ದು ಗಾಡಿಯ ಮಾಲೀಕನನ್ನು. ಹೂಂ ಅನ್ನುವ ಅಧಿಕಾರ ಅವನೊಬ್ಬನಿಗೇ ಇದೆಯೇ ಎಂಬುದು ಮಾತ್ರ ಮಿಸ್ತ್ರಿಯ ಪ್ರಶ್ನೆಗಿಂತ ಹಳೆಯದು. ಕೈಗೆ ಬಂದ ವಸ್ತುವನ್ನು ಮನುಷ್ಯ ಎಷ್ಟರ ಮಟ್ಟಿಗೆ ತನ್ನದೆಂದುಕೊಳ್ಳಬಹುದು? ಹೊಲ, ಗುಡಿ, ಕೊನೆಗೆ ತನ್ನ ಮೈಯನ್ನೇ ತನಗೆ ಬೇಕಾದಂತೆ ಕತ್ತರಿಸಿಕೊಳ್ಳಬಹುದೇ? ಈ ಬಗ್ಗೆ ಬಸವಕಲ್ಯಾಣದಲ್ಲಿ ಒಂಬೈನೂರು ವರ್ಷಗಳ ಹಿಂದೆ, ಎರಡು ತಲೆಮಾರಿನ ಅಂತರದಲ್ಲಿ ಎರಡು ಉತ್ತರಗಳು ಹುಟ್ಟಿದವು. ಒಂದಕ್ಕೊಂದು ಸುಲಭವಾಗಿ ಒಗ್ಗುವ ಉತ್ತರಗಳಲ್ಲ ಅವು.

ಮೊದಲು ಕೆಲಸ ಏನೆಂದು ತಿಳಿಯಬೇಕು. ಫುಟ್‌ರೆಸ್ಟು, ಗೇರ್ ಲಿವರು, ಹಿಂದಿನ ಬ್ರೇಕಿನ ಪೆಡಲು ಈ ಮೂರನ್ನೂ ಸವಾರನ ಮೊಣಕಾಲಿನ ಕೆಳಗಿನಿಂದ ತೆಗೆದು ಎಂಜಿನ್ನಿನ ಮುಂಭಾಗಕ್ಕೆ ಒಯ್ಯುವುದನ್ನು ಗ್ಯಾರೇಜಿನವರು ಫಾರ್ವರ್ಡ್ ಕಂಟ್ರೋಲ್ ಎನ್ನುತ್ತಾರೆ. ಕಾಲು ತುಸು ಮುಂದಿಟ್ಟು ಕೂರುವ ಗಾಡಿಗಳನ್ನು ಕಂಪನಿಗಳೇ ಮಾಡುವುದುಂಟು. 2005ರಲ್ಲಿ ಬಂದ ಬಜಾಜ್ ಅವೆಂಜರ್, 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350 ಅಂಥವು. ಅವುಗಳ ಫ್ರೇಮು ಹುಟ್ಟುವಾಗಲೇ ಆ ಭಾರಕ್ಕೆ ಸಿದ್ಧವಾಗಿರುತ್ತದೆ. ಹಳೆಯ ಬುಲೆಟ್ಟಿನದು ಬೇರೆ ರಚನೆ. ಹ್ಯಾಂಡಲ್ಲಿನ ಕುತ್ತಿಗೆಯಿಂದ ಒಂದೇ ಒಂದು ಪೈಪು ಕೆಳಗಿಳಿದು ಎಂಜಿನ್ನಿನ ಮುಂದೆ ನಿಂತುಬಿಡುತ್ತದೆ. ಅಲ್ಲಿಂದ ಹಿಂದಕ್ಕೆ ಎಂಜಿನ್ನೇ ಅಸ್ಥಿಪಂಜರದ ಒಂದು ಮೂಳೆಯಾಗಿ ಭಾರ ಹೊರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೂ ತಯಾರಾದ ಯೆಜ್ಡಿಗಳದು ಇನ್ನೊಂದು ಪೇಚು. ಗೇರ್ ಲಿವರೇ ಕಿಕ್ಕರು: ಮೇಲಕ್ಕೆ ತಿರುಗಿಸಿ ಒದ್ದರೆ ಗಾಡಿ ಚಾಲೂ, ಮುಂದಕ್ಕೆ ಮಲಗಿಸಿದರೆ ಗೇರು. ಅದನ್ನು ಮುಂದಕ್ಕೆ ಒಯ್ಯುವವನು ಎರಡು ಕೆಲಸಗಳನ್ನು ಬೇರ್ಪಡಿಸಿದಂತೆ.

ಇನ್ನು ಆ ತೂತು. ರಸ್ತೆಯಲ್ಲಿ ಹಂಪು ಬಂದಾಗ ಸವಾರ ಗೊತ್ತಿಲ್ಲದೆಯೇ ಕಾಲಿಗೆ ಭಾರ ಕೊಡುತ್ತಾನೆ. ಪೈಪಿನಿಂದ ಪಕ್ಕಕ್ಕೆ ಚಾಚಿಕೊಂಡ ಫುಟ್‌ರೆಸ್ಟಿನ ಮೇಲೆ ಬಿದ್ದ ಆ ಭಾರ ಪೈಪನ್ನು ಬರೀ ಬಗ್ಗಿಸುವುದಿಲ್ಲ, ತಿರುಚುತ್ತದೆ. ಆ ಪೈಪನ್ನು ಮಾಡಿದವರು ಅಂಥ ತಿರುಚನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಅದರ ಮೇಲೆ ತೂತು ಬೇರೆ. 1898ರಲ್ಲಿ ಜರ್ಮನಿಯ ಎಂಜಿನಿಯರ್ ಕಿರ್ಶ್ ಒಂದು ಲೆಕ್ಕ ಬಿಡಿಸಿದ. ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ಒಂದು ದುಂಡನೆಯ ತೂತಿದ್ದರೆ, ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ತೂತು ಚಿಕ್ಕದಾದರೆ ಪಟ್ಟು ಕಡಿಮೆಯಾಗುತ್ತದೆ ಎಂದುಕೊಂಡರೆ, ಅದೂ ಇಲ್ಲ. ತಗಡು ಸಾಕಷ್ಟು ಅಗಲವಿದ್ದರೆ ಎಷ್ಟೇ ಸಣ್ಣ ತೂತಿಗೂ ಮೂರೇ. ಪೈಪು ತಗಡಲ್ಲ, ಅಂಕಿ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ, ಆದರೆ ಬಿರುಕು ಎಲ್ಲಿಂದ ಶುರುವಾಗಬೇಕೆಂಬುದು ಡ್ರಿಲ್ಲು ಇಳಿದ ಕ್ಷಣದಲ್ಲೇ ತೀರ್ಮಾನವಾಗಿಬಿಡುತ್ತದೆ. ವೆಲ್ಡಿಂಗ್ ಮಾಡಿ ಪಟ್ಟಿ ಕೂರಿಸಿದರೂ ಸಂಕಟ ತಪ್ಪಿದ್ದಲ್ಲ. ಕಾಯ್ದ ಜಾಗದ ಪಕ್ಕದಲ್ಲಿ ಉಕ್ಕಿನ ಗುಣವೇ ಬದಲಾಗುತ್ತದೆ, ಬಿರುಕು ಬೆಸುಗೆಯನ್ನು ಬಿಟ್ಟು ಅದರ ಅಂಚನ್ನು ಹಿಡಿಯುತ್ತದೆ. ಬಣ್ಣದ ಕೆಳಗೆ ಅದು ಕಾಣುವುದಿಲ್ಲ. ಕಂಡಾಗ ಕೂದಲೆಳೆಯಷ್ಟು ತುಕ್ಕಿನ ಗೆರೆ.

ಆ ಫ್ರೇಮಿನ ಮೇಲೆಯೇ ಚಾಸಿ ನಂಬರು ಕೆತ್ತಿರುತ್ತದೆ. ಟಾಂಕಿ ಬದಲಾಗಬಹುದು, ಸೀಟು ಬದಲಾಗಬಹುದು, ಕಚೇರಿಗೆ ತಿಳಿಸಿ ಎಂಜಿನ್ನನ್ನೂ ಬದಲಾಯಿಸಿಕೊಳ್ಳಬಹುದು. ಬಸವಕಲ್ಯಾಣದ ಕೆಎ 56 ಎಂಬ ಗುರುತು ಅಂಟಿಕೊಂಡಿರುವುದು ಕೊನೆಗೂ ಚಾಸಿಗೇ. ಪಾಲಿಯ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ಯವನ ರಾಜ ಮಿಲಿಂದನಿಗೆ ರಥದ ಉದಾಹರಣೆ ಕೊಡುತ್ತಾನೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಇವೆಲ್ಲ ಸೇರಿದ್ದಕ್ಕೆ ನಾವಿಟ್ಟ ಹೆಸರಷ್ಟೇ ರಥ. ನೈಯಾಯಿಕರು ಇದನ್ನು ಒಪ್ಪಲಿಲ್ಲ, ಬಿಡಿಭಾಗಗಳನ್ನು ಮೀರಿದ ಇಡಿಯೊಂದು ನಿಜವಾಗಿಯೂ ಇದೆ ಎಂದು ಶತಮಾನಗಟ್ಟಲೆ ಬೌದ್ಧರೊಡನೆ ಜಗಳವಾಡಿದರು. ಸಾರಿಗೆ ಇಲಾಖೆ ಎರಡೂ ಪಕ್ಷ ಸೇರದೆ, ಗಾಡಿಯ ಆತ್ಮ ಚಾಸಿಯಲ್ಲಿದೆ ಎಂದು ಕಡತದಲ್ಲಿ ಬರೆದುಕೊಂಡು ಕೂತಿದೆ. ಎಂಜಿನ್ ಬೋರು ಹೊಡೆಸಿ, ಮಡ್‌ಗಾರ್ಡು ಬದಲಿಸಿ, ಮೂರು ಸಲ ಬಣ್ಣ ಬಳಿದ ಮೇಲೂ ಮನೆಯವರು “ಅಪ್ಪನ ಗಾಡಿ” ಎನ್ನುವಾಗ ಒಳಗೊಳಗೆ ಇಲಾಖೆಯ ಮತವನ್ನೇ ಒಪ್ಪಿರುತ್ತಾರೆ.

ಅಪ್ಪನ ಗಾಡಿ ಎಂದಕೂಡಲೇ ವಿಜ್ಞಾನೇಶ್ವರ ಬಂದು ನಿಲ್ಲುತ್ತಾನೆ.

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಆಶ್ರಯದಲ್ಲಿ, ಇದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಕಲಬುರಗಿ ಸಮೀಪದ ಮರತೂರು ಅವನನ್ನು ತನ್ನವನೆಂದು ಹೇಳಿಕೊಳ್ಳುತ್ತದೆ. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ಅರಸನಿಲ್ಲ ಎಂದು ಕೊಂಡಾಡಿ, ಅದೇ ಉಸಿರಿನಲ್ಲಿ ತನ್ನಂಥ ಪಂಡಿತನೂ ಇಲ್ಲ ಎಂದು ಸೇರಿಸುತ್ತಾನೆ. ಸಂಕೋಚದ ಮನುಷ್ಯನಲ್ಲ. ಆದರೆ ಆ ಬಿಂಕ ಸುಳ್ಳಾಗಲಿಲ್ಲ. ಬಂಗಾಳದ ಕಡೆ ಜೀಮೂತವಾಹನನ ‘ದಾಯಭಾಗ’ ನಡೆದರೆ, ಭಾರತದ ಉಳಿದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಇಪ್ಪತ್ತನೆಯ ಶತಮಾನದವರೆಗೂ ಕಲ್ಯಾಣದ ಈ ಪುಸ್ತಕದ ಮೇಲೆಯೇ ನಿಂತಿತ್ತು.

ಮಗನಿಗೆ ಹಕ್ಕು ಬರುವುದು ಯಾವಾಗ ಎಂಬುದು ಅವನು ಎತ್ತಿಕೊಂಡ ವಾದಗಳಲ್ಲೊಂದು. ಅಪ್ಪ ಸತ್ತ ಮೇಲೆ ಎಂದರು ದಾಯಭಾಗದವರು. ಹುಟ್ಟಿದ ಕೂಡಲೇ ಎಂದ ವಿಜ್ಞಾನೇಶ್ವರ. ಹಾಗಾದರೆ ಅಜ್ಜನಿಂದ ಬಂದದ್ದನ್ನು ಅಪ್ಪ ಅನುಭವಿಸಬಹುದು, ನಡೆಸಬಹುದು, ಆದರೆ ಮನೆ ಹೊಲಗಳನ್ನು ಮಕ್ಕಳ ಒಪ್ಪಿಗೆಯಿಲ್ಲದೆ ಮಾರಲಾರ. ಇನ್ನೂ ಹುಟ್ಟದವರೂ ಜೀವನಾಧಾರಕ್ಕೆ ಕೈಚಾಚುವವರೇ ಎಂಬ ಎಚ್ಚರ ಅಲ್ಲಿದೆ. ಸ್ವತ್ತಿನ ಒಡೆತನ ಎಂಬುದು ಶಾಸ್ತ್ರ ಹೇಳಿದ್ದರಿಂದ ಹುಟ್ಟುವುದಲ್ಲ, ಲೋಕದ ವ್ಯವಹಾರದಿಂದ ತಿಳಿಯುವುದು ಎಂದೂ ಅವನು ವಾದಿಸಿದ. ಧರ್ಮಶಾಸ್ತ್ರದ ನಡುವೆ ಕೂತು ಇಂಥ ಮಾತಾಡುವುದಕ್ಕೆ ಧೈರ್ಯ ಬೇಕು. ಮೂರು ಸಂದರ್ಭಗಳಲ್ಲಿ ಮಾತ್ರ ಮನೆಯ ಒಬ್ಬನೇ ಆಸ್ತಿಗೆ ಕೈ ಹಾಕಬಹುದು: ಆಪತ್ತು ಬಂದಾಗ, ಕುಟುಂಬದ ಪೋಷಣೆಗೆ, ಧರ್ಮಕಾರ್ಯಕ್ಕೆ.

ಮೋಟಾರ್ ಸೈಕಲ್ ಚರಾಸ್ತಿ. ಚರಾಸ್ತಿಯ ಮೇಲೆ ಅಪ್ಪನಿಗೆ ಹೆಚ್ಚಿನ ಸ್ವಾತಂತ್ರ್ಯವನ್ನು ವಿಜ್ಞಾನೇಶ್ವರನೇ ಕೊಟ್ಟಿದ್ದಾನೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಗಾಡಿಯನ್ನು ಅವನ ಕಟಕಟೆಗೆ ಎಳೆದರೆ ಗ್ಯಾರೇಜಿನ ಗಿರಾಕಿ ಗೆದ್ದರೂ ಗೆದ್ದಾನು. ಆದರೂ ಅವನು ಒಡೆತನವನ್ನು ನೋಡಿದ ರೀತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವನ ಕಣ್ಣಿನಲ್ಲಿ ವಸ್ತುವಿನ ಸುತ್ತ ಒಬ್ಬನೇ ಇರುವುದಿಲ್ಲ, ಒಂದು ಸಾಲೇ ಇರುತ್ತದೆ. ಹಳೆಯ ಬುಲೆಟ್ಟಿನ ಸಾಲಿನಲ್ಲಿ ಹಿಂದಿನ ಸೀಟಿನ ಹೆಂಡತಿ ಇದ್ದಾಳೆ, ನಾಳೆ ಓಡಿಸುವ ಮಗನೋ ಮಗಳೋ ಇದ್ದಾರೆ, ಸೆಕೆಂಡ್ ಹ್ಯಾಂಡ್ ಕೊಳ್ಳುವ ಅಪರಿಚಿತನಿದ್ದಾನೆ, ಎದುರಿನಿಂದ ಬರುವ ಲಾರಿಯ ಡ್ರೈವರನೂ ಇದ್ದಾನೆ. ಬಣ್ಣದ ಕೆಳಗಿನ ಬಿರುಕು ಇವರಲ್ಲಿ ಯಾರ ಸರದಿಗೆ ಬಾಯಿ ಬಿಡುತ್ತದೋ ಹೇಳಲಾಗದು.

ಮಿತಾಕ್ಷರಾ ಕೂಡ ಹುಟ್ಟಿದಂತೆಯೇ ಉಳಿಯಲಿಲ್ಲ. ಅದರ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಇರಲಿಲ್ಲ. ಕರ್ನಾಟಕ 1994ರಲ್ಲಿ, ಕೇಂದ್ರ 2005ರ ತಿದ್ದುಪಡಿಯಲ್ಲಿ ಅದನ್ನು ಕೊಟ್ಟವು. 2020ರಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕೆಂದೇನೂ ಇಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಹುಟ್ಟಿನಿಂದ ಹಕ್ಕು ಎಂಬ ಹಳೆಯ ತೊಲೆಯನ್ನು ಕಡಿಯದೆ ಅದಕ್ಕೇ ಹೊಸ ಕೋಣೆಯನ್ನು ಆನಿಸಿದರು.

ಇನ್ನೊಂದು ಉತ್ತರ ಅದೇ ಊರಿನಲ್ಲಿ ಹನ್ನೆರಡನೆಯ ಶತಮಾನದ ನಡುವಿನಲ್ಲಿ ಬಂತು. ಆಗ ಸಿಂಹಾಸನ ಕಳಚುರಿ ಬಿಜ್ಜಳನ ಕೈಗೆ ಹೋಗಿತ್ತು, ಬಸವಣ್ಣ ಅವನ ಭಂಡಾರದ ಅಧಿಕಾರಿ. ವಿಜ್ಞಾನೇಶ್ವರನಿಗೆ ಹುಟ್ಟು ಎಂದರೆ ಹಕ್ಕಿನ ಮೂಲ. ಶರಣರಿಗೆ ಹುಟ್ಟು ಯಾವುದರ ಮೂಲವೂ ಅಲ್ಲ. ಜನಿವಾರ ಬಿಟ್ಟುಬಂದ ಬಸವಣ್ಣನ ಸುತ್ತ ಚಮ್ಮಾರ, ಅಂಬಿಗ, ಮಡಿವಾಳ, ಬ್ರಾಹ್ಮಣ ಎಲ್ಲರೂ ಕೂತರು. ಕಟ್ಟಿ ನಿಲ್ಲಿಸಿದ ಗುಡಿಗಿಂತ ನಡೆದಾಡುವ ದೇಹವೇ ಅವರಿಗೆ ದೊಡ್ಡದಾಯಿತು. ಆ ಕಡೆಯಿಂದ ನೋಡಿದರೆ, ಅಜ್ಜನ ಬುಲೆಟ್ಟಿಗೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಗಾಲಿಯಡಿ ನಿಂಬೆಹಣ್ಣಿಟ್ಟು, ಮಂಡಿ ನೋವಾದರೂ ಒಂದು ಬೋಲ್ಟನ್ನೂ ಅಲುಗಿಸಲೊಲ್ಲೆ ಎನ್ನುವವನು ಕಬ್ಬಿಣದ ಗುಡಿಯೊಂದನ್ನು ಕಟ್ಟಿಕೊಂಡಿದ್ದಾನೆ. ಇರುವುದು ಗಾಡಿಗಾಗಿ ಸವಾರನೋ, ಸವಾರನಿಗಾಗಿ ಗಾಡಿಯೋ?

ಅಂದಹಾಗೆ, ನಿಂತದ್ದಕ್ಕಿಂತ ನಡೆಯುವುದನ್ನು ಮೆಚ್ಚಿದವರ ಊರಿನಲ್ಲೇ 108 ಅಡಿಯ ಬಸವಣ್ಣನ ಪ್ರತಿಮೆ ಕೂತಿದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲೂ ಬಿತ್ತು. ಭಕ್ತಿ ನಿಲ್ಲಲು ಒಂದು ಜಾಗ ಕೇಳುತ್ತದೆ, ಅದನ್ನು ಹಂಗಿಸುವುದು ಸುಲಭ, ತಪ್ಪಿಸಿಕೊಳ್ಳುವುದು ಕಷ್ಟ.

ಹಾಗೆಂದು ಶರಣರು ಡ್ರಿಲ್ಲಿನ ಪಕ್ಷದವರೆಂದು ತಿಳಿಯುವ ಹಾಗಿಲ್ಲ. ಇಷ್ಟಲಿಂಗ ಮೈಮೇಲೆ ಇರುವ ಬಗೆಯನ್ನೇ ನೋಡಬಹುದು. ಚರ್ಮ ಚುಚ್ಚುವುದಿಲ್ಲ, ಮುದ್ರೆ ಒತ್ತುವುದಿಲ್ಲ. ಕರಡಿಗೆಯಲ್ಲಿಟ್ಟು ಶಿವದಾರದಿಂದ ಎದೆಗೆ ಇಳಿಬಿಟ್ಟಿರುತ್ತದೆ. ಪೂಜೆಯ ಹೊತ್ತಿಗೆ ಅಂಗೈಗೆ ಬರುತ್ತದೆ, ಮತ್ತೆ ಎದೆಗೆ ಹೋಗುತ್ತದೆ. ಬದುಕಿಡೀ ಅಗಲದ ಸಂಬಂಧಕ್ಕೆ ಮೈಯಲ್ಲಿ ಒಂದು ತೂತೂ ಬೇಕಾಗಿಲ್ಲ.

ಮೈಯನ್ನೇ ಕತ್ತರಿಸಿಕೊಂಡ ಕಥೆಯೂ ಇಲ್ಲಿಯದೇ, ಮತ್ತು ಅದು ಕಾಲಿನ ಕಥೆ. ಸಮಗಾರ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ ಶರಣು ಎಂದ. ಬಸವಣ್ಣ ಮರಳಿ ಶರಣು ಶರಣಾರ್ಥಿ ಎಂದ, ಒಂದು ವಂದನೆ ಹೆಚ್ಚಾಯಿತು. ಆ ಸಾಲ ತೀರಿಸುವುದು ಹೇಗೆಂದು ಹರಳಯ್ಯನಿಗೆ ನಿದ್ದೆ ಹತ್ತಲಿಲ್ಲ. ಅವನೂ ಹೆಂಡತಿ ಕಲ್ಯಾಣಮ್ಮನೂ ತಂತಮ್ಮ ತೊಡೆಯ ಚರ್ಮ ತೆಗೆದು, ಹದಮಾಡಿ, ಒಂದು ಜೊತೆ ಚಮ್ಮಾವುಗೆ ಹೊಲಿದು ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ, ಇದನ್ನು ಮೆಟ್ಟುವ ಯೋಗ್ಯತೆ ತನಗಿಲ್ಲ ಎಂದ. ಇದು ಐತಿಹ್ಯ, ದಾಖಲೆ ಕೇಳುವವರಿಗೆ ಕೊಡಲು ಏನೂ ಇಲ್ಲ. ಆದರೆ ಎಂಟು ನೂರು ವರ್ಷ ಜನ ಇದನ್ನು ಹೇಳಿಕೊಂಡು ಬಂದಿದ್ದಾರೆ. ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಂತ್ರಿ ಮಧುವರಸನ ಮಗಳನ್ನು ತಂದುಕೊಂಡಾಗ ಬಿಜ್ಜಳ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆ ಕೊಡಿಸಿದ, ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚದುರಿದರು.

ಗ್ಯಾರೇಜಿನ ಮುಂದೆ ಈ ಕಥೆಯನ್ನು ಇಟ್ಟರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಹರಳಯ್ಯ ದಂಪತಿ ಕತ್ತರಿಸಿದ್ದು ತಮ್ಮದನ್ನು, ಕತ್ತರಿಸಿದ್ದು ಇನ್ನೊಬ್ಬರ ಕಾಲಿಗಾಗಿ. ಹಾಗಿದ್ದೂ ಆ ಕಾಲಿನವನು ಅದನ್ನು ಒಪ್ಪಿಕೊಳ್ಳಲಿಲ್ಲ. ಸಾಲುಗಟ್ಟಿ ನಿಂತ ಅಷ್ಟೊಂದು ಜನರ ಚಾಸಿಯನ್ನು ತನ್ನದೇ ಕಾಲಿನ ಸುಖಕ್ಕೆ ಕತ್ತರಿಸಲು ಹೊರಟವನು, ಕಡೆಪಕ್ಷ ಅಷ್ಟೇ ನಿದ್ದೆಗೆಡಬೇಕಿತ್ತು.

ನಿದ್ದೆಗೆಡುವ ಮಿಸ್ತ್ರಿಗೆ ದಾರಿಯೂ ಸಿಗುತ್ತದೆ. ಹೊಸ ತೂತು ಕೊರೆಯುವ ಮುನ್ನ ಅವನು ಹಳೆಯ ತೂತುಗಳನ್ನು ಎಣಿಸುತ್ತಾನೆ. ಎಂಜಿನ್ನನ್ನು ಮುಂದಿನ ಪೈಪಿಗೆ ಹಿಡಿದಿಟ್ಟ ಪ್ಲೇಟುಗಳಲ್ಲಿ ಕಂಪನಿಯೇ ಕೊರೆದ, ಭಾರಕ್ಕೆಂದೇ ದಪ್ಪ ಮಾಡಿದ ಜಾಗಗಳಿವೆ. ಆ ಬೋಲ್ಟುಗಳನ್ನು ಒಂದೊಂದಾಗಿ ತೆಗೆದು, ಅದೇ ವ್ಯಾಸದ, ಅದೇ ಥ್ರೆಡ್ಡಿನ, ತಲೆಯ ಮೇಲೆ ಅದೇ ದರ್ಜೆ ಬರೆದ, ಸ್ವಲ್ಪ ಉದ್ದದ ಬೋಲ್ಟು ಹಾಕಿದರೆ ಹೊರಗಿನಿಂದ ಒಂದು ಬ್ರಾಕೆಟ್ ಕೂರಿಸಬಹುದು. ಮೂಲ ಬೋಲ್ಟು 8.8 ದರ್ಜೆಯದಾಗಿದ್ದರೆ ಹೊಸದೂ ಕನಿಷ್ಠ ಅದೇ ಆಗಬೇಕು; ಹಾರ್ಡ್‌ವೇರ್ ಅಂಗಡಿಯ ದರ್ಜೆಯಿಲ್ಲದ ಬೋಲ್ಟನ್ನು ಇಲ್ಲಿಗೆ ತರುವುದು ಶುದ್ಧ ಹುಡುಗಾಟ. ಎಡಬಲದ ಎರಡು ಬ್ರಾಕೆಟ್ಟುಗಳನ್ನು ಅಡ್ಡ ಸಲಾಕೆಯೊಂದು ಕಟ್ಟಿಹಾಕಿದರೆ ಒಂದು ಕಾಲಿನ ಭಾರವನ್ನು ಎರಡೂ ಬದಿ ಹಂಚಿಕೊಳ್ಳುತ್ತವೆ.

ಎರಡನೆಯ ಆಧಾರ ಪೈಪಿಗೆ ಹಾಕುವ ಕ್ಲ್ಯಾಂಪು. ಲಾರಿಯವರಿಗೆ ಪರಿಚಯವಿರುವ ಯು-ಬೋಲ್ಟು ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಅದು ಗೆರೆಯಂತೆ ಪೈಪನ್ನು ಕಚ್ಚಿ ತಗ್ಗು ಮಾಡುತ್ತದೆ. ಲೇತಿನ ಮೇಲೆ ಪೈಪಿನ ಹೊರವ್ಯಾಸಕ್ಕೆ ಸರಿಯಾಗಿ ಕೊರೆದು, ನಡುವೆ ಎರಡು ಹೋಳು ಮಾಡಿದ ಕ್ಲ್ಯಾಂಪಾದರೆ ಸುತ್ತಲೂ ಸಮನಾಗಿ ಅಪ್ಪುತ್ತದೆ. ಬಣ್ಣ ಉಳಿಯಲೆಂದು ಒಳಗೆ ತೆಳುವಾದ ಪಟ್ಟಿ ಕೊಡಬಹುದು. ದಪ್ಪ ರಬ್ಬರು ಕೊಟ್ಟರೆ ಕ್ಲ್ಯಾಂಪು ನಿಧಾನವಾಗಿ ಜಾರುತ್ತದೆ, ಚರ್ಮ ಕೊಟ್ಟರೆ ಮಳೆನೀರು ಹಿಡಿದು ಪೈಪನ್ನು ತುಕ್ಕಿಗೆ ಒಪ್ಪಿಸುತ್ತದೆ. ಒಂದೇ ಕ್ಲ್ಯಾಂಪನ್ನು ನಂಬಿದರೆ ತುಳಿದಾಗ ಅದು ಪೈಪಿನ ಸುತ್ತ ತಿರುಗೀತು. ಬೋಲ್ಟಿನದೊಂದು, ಕ್ಲ್ಯಾಂಪಿನದೊಂದು, ಹೀಗೆ ಎರಡು ಹಿಡಿತ ಬೇಕೇ ಬೇಕು.

ಗೇರಿಗೆ ಉದ್ದನೆಯ ಸಲಾಕೆ. ಅದರ ಎರಡು ತುದಿಗೂ ಗುಂಡು ಜಾಯಿಂಟು, ಒಂದು ತುದಿಯಲ್ಲಿ ಬಲ ಥ್ರೆಡ್ಡು ಇನ್ನೊಂದರಲ್ಲಿ ಎಡ ಥ್ರೆಡ್ಡು. ಸಲಾಕೆಯನ್ನು ತಿರುಗಿಸಿದರೆ ಸಾಕು, ಬಿಚ್ಚದೆಯೇ ಉದ್ದ ಸರಿಹೊಂದುತ್ತದೆ. ಕೊನೆಯ ಲಿವರನ್ನು ತಲೆಕೆಳಗಾಗಿ ಕೂರಿಸಿದರೆ ಗೇರಿನ ಕ್ರಮವೇ ಉಲ್ಟಾ ಆಗುತ್ತದೆ, ಕೆಳಗೆ ಒತ್ತಿದರೆ ಬೀಳಬೇಕಾದ ಗೇರು ಮೇಲಕ್ಕೆತ್ತಿದಾಗ ಬೀಳುತ್ತದೆ. ಬ್ರೇಕಿನದು ಇನ್ನೂ ಸೂಕ್ಷ್ಮ. ಉದ್ದ ಸಲಾಕೆ ಎಳೆದರೆ ನೇರ ನಿಲ್ಲುತ್ತದೆ, ತಳ್ಳಿದರೆ ಬಿಲ್ಲಿನಂತೆ ಬಾಗುತ್ತದೆ. ಹಾಗಾಗಿ ಪೆಡಲು ತುಳಿದಾಗ ಸಲಾಕೆ ಎಳೆಯುವಂತೆಯೇ ಜೋಡಿಸಬೇಕು. ಪೆಡಲಿನ ತೋಳಿನ ಅಳತೆ ಬದಲಾದರೆ ಕಾಲಿನ ಬಲ ಬ್ರೇಕಿಗೆ ಮುಟ್ಟುವ ಪ್ರಮಾಣವೂ ಬದಲಾಗುತ್ತದೆ. ಬ್ರೇಕ್ ಲೈಟಿನ ಸ್ವಿಚ್ಚನ್ನು ಮರೆತರೆ ಹಿಂದಿನಿಂದ ಬರುವ ಬಸ್ಸಿಗೆ ಏನೂ ತಿಳಿಯುವುದಿಲ್ಲ. ಫುಟ್‌ರೆಸ್ಟು ಮಡಚುವಂಥದಿರಬೇಕು, ತಿರುವಿನಲ್ಲಿ ವಾಲಿದಾಗ ಗಟ್ಟಿ ಫುಟ್‌ರೆಸ್ಟು ನೆಲಕ್ಕೆ ತಾಗಿದರೆ ಗಾಲಿಯನ್ನೇ ಎತ್ತಿಬಿಡುತ್ತದೆ. ಹ್ಯಾಂಡಲ್ ಪೂರ್ತಿ ಹೊರಳಿಸಿ, ಮುಂದಿನ ಫೋರ್ಕು ಪೂರ್ತಿ ಕುಗ್ಗಿಸಿ, ಮಡ್‌ಗಾರ್ಡು ಬೂಟಿನ ತುದಿಗೆ ತಾಗುವುದಿಲ್ಲವೆಂದು ನೋಡಿದ ಮೇಲೆಯೇ ಕೆಲಸ ಮುಗಿದದ್ದು. ಮುಗಿಯಿತು ಎಂದೂ ಅಲ್ಲ. ನಟ್ಟಿನಿಂದ ಬ್ರಾಕೆಟ್ಟಿನ ಮೇಲಕ್ಕೆ ಬಣ್ಣದ ಒಂದು ಗೆರೆ ಎಳೆದಿಟ್ಟು, ಮೊದಲ ಓಟದ ನಂತರ ಗೆರೆ ಮುರಿದಿದೆಯೇ ಎಂದು ನೋಡಬೇಕು.

ಹೀಗೆ ಮಾಡಿದ ಕೆಲಸವನ್ನು ಮಗಳು ಬಯಸಿದರೆ ಒಂದು ಮಧ್ಯಾಹ್ನದಲ್ಲಿ ಬಿಚ್ಚಿಹಾಕಬಹುದು. ಹಳೆಯ ಬೋಲ್ಟು ಹಾಕಿದರೆ ಅಜ್ಜನ ಗಾಡಿ ಅಜ್ಜನ ಗಾಡಿಯಾಗಿಯೇ ನಿಲ್ಲುತ್ತದೆ. ವಿಜ್ಞಾನೇಶ್ವರನ ಸಾಲಿನಲ್ಲಿ ನಿಂತವರ ಹಕ್ಕು ಉಳಿಯಿತು, ಶರಣರು ಕೇಳಿದ ನಡೆಯೂ ಆಯಿತು. ಎರಡು ಉತ್ತರಗಳ ಜಗಳ ತತ್ತ್ವದ ಮಟ್ಟದಲ್ಲಿ ತೀರುವುದಿಲ್ಲ ನಿಜ. ಲೇತಿನ ಮೇಲೆ ಒಂದು ಮಟ್ಟಿಗೆ ತೀರುತ್ತದೆ.

ಆದರೆ ಕ್ಲ್ಯಾಂಪು ಹಾಕಿದ್ದೇನೆ, ಕಾನೂನಿನ ತಂಟೆ ಇಲ್ಲ ಎಂದು ಬೀಗುವವನಿಗೆ ಬೇರೊಂದು ಎಚ್ಚರಿಕೆ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. ಮಾರ್ಪಾಡು ಎಂದರೇನು ಎಂಬುದಕ್ಕೆ ಅದು ಕೊಡುವ ವಿವರಣೆ ತತ್ತ್ವಶಾಸ್ತ್ರಜ್ಞರಿಗೂ ರುಚಿಸೀತು: ವಾಹನದ ರಚನೆಯಲ್ಲಿ ಮಾಡಿದ, ಅದರ ಮೂಲ ಲಕ್ಷಣವನ್ನೇ ಬದಲಿಸುವಂಥ ಬದಲಾವಣೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡನ್ನೂ ತಂದಿತು. ಫುಟ್‌ರೆಸ್ಟು ಮುಂದೆ ಹೋದರೆ ಮೂಲ ಲಕ್ಷಣ ಬದಲಾಯಿತೇ? ಅದನ್ನು ಗಿರಾಕಿಯೂ ಮಿಸ್ತ್ರಿಯೂ ಕೂತು ತೀರ್ಮಾನಿಸಿಕೊಳ್ಳುವಂತಿಲ್ಲ, ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಬೇಕು, ವಿಮೆಯವರಿಗೂ ತಿಳಿಸಬೇಕು.

ಮೂಲ ಲಕ್ಷಣ ಎಂಬ ಆಲೋಚನೆ ಈ ದೇಶದಲ್ಲಿ ಇದಕ್ಕಿಂತ ದೊಡ್ಡ ವಾಹನಕ್ಕೂ ಅನ್ವಯವಾಗಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ, ಯಕ್ಷಗಾನವನ್ನು ಪೋಷಿಸಿದ ಕನ್ನಡದ ಯತಿ, ಮಠದ ಭೂಮಿ ಹೋಗುತ್ತದೆಂದು 1970ರಲ್ಲಿ ಕೇರಳದ ಭೂಸುಧಾರಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಹೇಳಿದ್ದಿಷ್ಟು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ರಚನೆಯನ್ನು ಮುರಿಯುವಂತಿಲ್ಲ. ಮಠದ ಭೂಮಿಯ ತಕರಾರೊಂದು ದೇಶದ ಚಾಸಿಯ ಪ್ರಶ್ನೆಯಾಗಿ ಬೆಳೆಯಿತು. ಒಬ್ಬರ ಮತ ಅತ್ತ ಹೋಗಿದ್ದರೆ ಡ್ರಿಲ್ಲಿಗೆ ಅಡ್ಡಿಯೇ ಇರುತ್ತಿರಲಿಲ್ಲ.

ಕೊರೆಯದೆ, ಬೆಸೆಯದೆ ಕೂಡಿಸುವ ಮಾತು ಬಂದಮೇಲೆ ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕ್ ನಗರವನ್ನು ಇಲ್ಲಿ ಬಿಟ್ಟರೆ ಲೋಪವಾದೀತು. 1817ರಲ್ಲಿ ಬಸವಕಲ್ಯಾಣ ಸಮೀಪದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ನಿಜಾಮನ ಸೀಮೆಯ ಈ ಭಾಗದಲ್ಲಿ ಸಕಲಮತ ಎಂಬ ಪಂಥ ನಡೆಸಿ 1865ರಲ್ಲಿ ಸಮಾಧಿಸ್ಥರಾದರು. ನೆಲೆ ಅದ್ವೈತ. ಅದರ ಮೇಲೆ ಹಿಂದೂ, ಮುಸ್ಲಿಂ, ಲಿಂಗಾಯತ ಯಾರೇ ಬರಲಿ, ತಮ್ಮದನ್ನು ಬಿಟ್ಟುಬರಬೇಕಾಗಿಲ್ಲ. ಹಲವು ಮತಗಳನ್ನು ಕುಲುಮೆಗೆ ಹಾಕಿ ಒಂದೇ ಎರಕ ಹೊಯ್ಯುವ ಆಸೆ ಹತ್ತೊಂಬತ್ತನೆಯ ಶತಮಾನದಲ್ಲಿ ಹಲವರಿಗಿತ್ತು. ಮಾಣಿಕ ಪ್ರಭುಗಳು ಬೆಸೆಯಲಿಲ್ಲ, ಪಕ್ಕಪಕ್ಕದಲ್ಲಿ ಕೂಡಿಸಿದರು. ಮುಸ್ಲಿಂ ಭಕ್ತ ಮುಸ್ಲಿಮನಾಗಿಯೇ ಬಂದು ಹಾಗೆಯೇ ಮನೆಗೆ ಹೋಗುತ್ತಿದ್ದ.

ಎಲ್ಲ ಹೇಳಿದ ಮೇಲೂ ಉಳಿಯುವ ಒಂದು ಪ್ರಸಂಗವಿದೆ, ಅದು ಶೋಕಿಯದಲ್ಲ. ಅಪಘಾತದಲ್ಲಿ ಮೊಣಕಾಲಿನ ಕೀಲು ಗಡುಸಾದವನಿಗೆ ಕಾಲು ಮಡಚುವುದೇ ಆಗದು. ಅವನ ಕಾಲು ಮುಂದಿರಲೇಬೇಕು, ಇಲ್ಲವಾದರೆ ಗಾಡಿ ಮಾರಬೇಕು. ವಿಜ್ಞಾನೇಶ್ವರ ಆಪತ್ತಿಗೆಂದು ಬಾಗಿಲು ತೆರೆದಿಟ್ಟಂತೆ ಕಾಯ್ದೆಯೂ ಅವನಿಗೊಂದು ಬಾಗಿಲಿಟ್ಟಿದೆ. ಅಂಗವಿಕಲರಿಗೆಂದು ಮಾರ್ಪಡಿಸಿದ ವಾಹನವನ್ನು ಅದು ಬೇರೆಯೇ ವರ್ಗವಾಗಿ ಗುರುತಿಸುತ್ತದೆ. ನೋಂದಣಿ ಅಧಿಕಾರಿಯ ಅನುಮೋದನೆಯೊಂದಿಗೆ ತನ್ನ ಗಾಡಿಯನ್ನು ಹಾಗೆ ಮಾರ್ಪಡಿಸಿಕೊಳ್ಳಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಳೆಯ ತೂತುಗಳ ಅಳತೆ ಅವನ ಕಾಲಿಗೆ ಹೊಂದದಿದ್ದರೆ, ಕ್ಲ್ಯಾಂಪಿಗೆ ಜಾಗವೇ ಸಿಗದಿದ್ದರೆ, ಫ್ರೇಮಿಗೆ ವೆಲ್ಡಿಂಗ್ ಮುಟ್ಟಿಸಲೇಬೇಕಾಗಬಹುದು. ಆಗ ಕೆಲಸ ರಸ್ತೆಬದಿಯ ಶೆಡ್ಡಿನದಲ್ಲ, ಪೈಪಿನ ದಪ್ಪ ಅಳೆದು, ಒಳಗಿನಿಂದ ಸ್ಲೀವು ಕೊಟ್ಟು ಬೆಸೆಯಬಲ್ಲವನದು. ಅಂಥವನ ಬಳಿ ಹೋಗುವ ಮೊದಲು ಆ ಸವಾರ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೀಟಿನ ಮೇಲೆ ಕೂತು, ಕಾಲು ಎಲ್ಲಿಯವರೆಗೆ ನೋವಿಲ್ಲದೆ ಹೋಗುತ್ತದೆಂದು ಒಬ್ಬರಿಂದ ಟೇಪು ಹಿಡಿಸಿ ಬರೆದುಕೊಳ್ಳಬೇಕು. ಕಚೇರಿಯ ಅರ್ಜಿಗೂ ವೆಲ್ಡರಿಗೂ ಬೇಕಾಗುವುದು ಆ ಅಳತೆಯೇ.